ಚಂದ್ರತ್ತೆ

ಮೊಯ್ದು ಕಾಕನ ಅಂಗಡಿಯ ತಕ್ಕಡಿ
ಸೋಮವಾರ ಮೂರು ಗಂಟೆಯವರೆಗೆ ನಮ್ಮದು.
ಆಮೇಲೆ ಒಣಮೀನು ಕೊಳ್ಳುವವರು ಬರುತ್ತಾರೆ,
ಅಷ್ಟರೊಳಗೆ ವಿಜ್ಞಾನ ಮುಗಿಸಿ ಕಳಿಸಬೇಕು.

ಸಿದ್ದಾಪುರದಿಂದ ಹೊಳೆಗೆ ಇಳಿಯುವ ದಾರಿಯ ಶಾಲೆ.
ಒಂದು ಕೊಠಡಿ, ಮೂರು ತರಗತಿ, ಹತ್ತೊಂಬತ್ತು ಮಕ್ಕಳು.
ಒಂದು ತಟ್ಟೆಗೆ ಕಾಲು ಕಿಲೋ ಕರಿಮೆಣಸು,
ಇನ್ನೊಂದಕ್ಕೆ ಬೂರುಗದ ಹತ್ತಿ.
ತುಂಬುತ್ತೇವೆ, ಒತ್ತುತ್ತೇವೆ, ಮತ್ತೆ ತುಂಬುತ್ತೇವೆ,
ಹಾರಿದ್ದನ್ನು ಹಿಡಿಯಲು ರಿಸ್ವಾನ ಟೋಪಿ ತೆಗೆದು ಓಡುತ್ತಾನೆ.
ಮುಳ್ಳು ನಡುವಿಗೆ ಬಂದು ನಿಂತಾಗ
ಮೆಣಸು ಒಂದು ಬೊಗಸೆ, ಹತ್ತಿ ಒಂದು ಬೆಟ್ಟ.

"ಯಾವುದು ಭಾರ?"
"ಮೆಣಸು!" ಹದಿನೆಂಟು ಬಾಯಿ.
ಮುಳ್ಳನ್ನು ನೋಡಿದವಳು ಬೊಳ್ಳಿ ಒಬ್ಬಳೇ:
"ಎರಡೂ ಒಂದೇ."

ಬೋರ್ಡಿನ ಮೇಲೆ ಬರೆದೆ: ಸಾಂದ್ರತೆ.
ಒಟ್ಟಿಗೆ ಓದಿದರು.
ಹಿಂದಿನ ಬೆಂಚಿನಿಂದ ಚಂಗಪ್ಪ ಕೈ ಎತ್ತಿದ:
"ಟೀಚರ್, ಚಂದ್ರತ್ತೆ ಯಾರು?"

ತಿದ್ದಬೇಕಿತ್ತು. ತಿದ್ದಲಿಲ್ಲ.
ಪುಸ್ತಕದ ಪದಕ್ಕೆ ಕೈಕಾಲು ಇರಲಿಲ್ಲ,
ಈ ಅತ್ತೆಗೆ ಇತ್ತು.
ಚಂದ್ರತ್ತೆ, ಎಂದೆ, ಮನೆಮನೆಗೆ ಹೋಗಿ ಎಣಿಸುವವಳು.
ಮನೆ ಎಷ್ಟು ದೊಡ್ಡದು, ಒಳಗೆ ಎಷ್ಟು ಜನ.
ಹತ್ತಿಯ ಮನೆಯಲ್ಲಿ ಕೋಣೆಗಳೆಲ್ಲ ಖಾಲಿ,
ಗಾಳಿ ಕಾಲು ಚಾಚಿ ಮಲಗಿದೆ.
ಮೆಣಸಿನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ.
ತೋಟದ ಜೀಪು ಗೊತ್ತಲ್ಲ?
ಸಾಹುಕಾರರು ಒಬ್ಬರೇ ಕೂತು ಹೋಗುವ ಜೀಪೂ ಅದೇ,
ಕಾಫಿ ಕೊಯ್ಲಿಗೆ ಬೆಳಿಗ್ಗೆ ಏಳಕ್ಕೆ
ನಿಮ್ಮ ಅಮ್ಮಂದಿರು ನಿಂತು ಹೋಗುವ ಜೀಪೂ ಅದೇ.
ಗೊತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಬಕೆಟ್ಟು, ತುಂಬ ನೀರು.
ಕಾಫಿ ಹಣ್ಣು: ಗಟ್ಟಿಯದು ಕೆಳಗೆ, ಹುಳ ತಿಂದದ್ದು ಮೇಲೆ.
ಚಂಗಪ್ಪನ ಗೋಲಿ ಕೆಳಗೆ.
"ಹಾಗಾದರೆ ಆನೆ?" ಎಂದು ಅವನೇ ಕೇಳಿ
ಅವನೇ ಹೇಳಿದ, ದುಬಾರೆಯಲ್ಲಿ ನೋಡಿದ್ದಾನೆ, ಆನೆ ಮೇಲೆ.
"ಗೋಲಿಗಿಂತ ಆನೆ ಹಗುರ" ಎಂದು ಬರೆದುಕೊಂಡ.
"ಚಂದ್ರತ್ತೆಯ ಲೆಕ್ಕದಲ್ಲಿ" ಎಂದು ಸೇರಿಸಲು ಹೇಳಿದೆ.

ಕಿತ್ತಳೆ, ಸಿಪ್ಪೆಯೊಡನೆ, ತೇಲಿತು.
ಸುಲಿದೆ. ತೂಗಿದೆ. ಮೊದಲಿಗಿಂತ ಹಗುರ.
ಬಿಟ್ಟೆ. ನಿಧಾನಕ್ಕೆ ಮುಳುಗಿತು.
ಚಂಗಪ್ಪ ಬಕೆಟ್ಟಿನ ಹಿಂದೆ ಹೋಗಿ ನೋಡಿದ,
ಯಾರಾದರೂ ಎಳೆದರೋ ಎಂದು.
"ಸಿಪ್ಪೆ ಅಂದರೆ ಜಗಲಿ," ಎಂದೆ, "ಬರೀ ಗಾಳಿ ಕೂರುವ ಜಗಲಿ.
ಅದನ್ನು ಕಿತ್ತರೆ ಉಳಿಯುವುದು ಕಿಕ್ಕಿರಿದ ಕೋಣೆ."

ಕೈ ಎತ್ತದೆ,
ಬಕೆಟ್ಟಿನಿಂದ ಕಣ್ಣು ತೆಗೆಯದೆ, ಬೊಳ್ಳಿ:
"ನಮ್ಮ ಲೈನ್‌ಮನೆ ಒಂದೇ ಕೋಣೆ. ಏಳು ಜನ.
ಜಗಲಿ ಇಲ್ಲ.
ಹೊಳೆ ಬಂದರೆ ಮುಳುಗುತ್ತಾ?"

ಟೀಚರ್ ಟ್ರೈನಿಂಗಿನಲ್ಲಿ
ಇದಕ್ಕೊಂದು ಪಾಠಯೋಜನೆ ಬರೆಸಿರಲಿಲ್ಲ.
ಮನೆಯ ಲೆಕ್ಕ ಬೇರೆ, ಎಂದೆ.
ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.
ಮೂರು ಗಂಟೆಗೆ ಕಾಕನ ಹುಡುಗ ಬಂದು ತಕ್ಕಡಿ ಒಯ್ದ,
ತಟ್ಟೆಯ ಅಂಚಿಗೆ ಇನ್ನೂ ಒಂದೆಳೆ ಹತ್ತಿ.

ಮರುದಿನ ಅವಳ ಚೀಲದಲ್ಲಿ ಊಟದ ಡಬ್ಬಿ
ಗಲಗಲ ಎನ್ನುತ್ತಿತ್ತು.
ಒಳಗೆ ಏಳು ಕಲ್ಲು, ಹೊಳೆಯವು, ನುಣ್ಣಗಿನವು.
"ಇದು ಅಪ್ಪ. ಇದು ಅಮ್ಮ. ಇದು ನಾನು.
ಇದು ಅಜ್ಜಿ, ಅಜ್ಜಿ ಸ್ವಲ್ಪ ದಪ್ಪ."
ಮುಚ್ಚಳ ಒತ್ತಿ, ಮೇಲೊಂದು ಗುದ್ದು ಕೊಟ್ಟು
ಬಕೆಟ್ಟಿಗೆ ಬಿಟ್ಟಳು.
ಡಬ್ಬಿ ಅಜ್ಜಿಯ ಕಡೆಗೆ ವಾಲಿತು.
ವಾಲಿಕೊಂಡೇ ತೇಲಿತು.

"ಚಂದ್ರತ್ತೆ ಮುಚ್ಚಳವನ್ನೂ ನೋಡ್ತಾಳೆ ಟೀಚರ್.
ಸಡಿಲ ಇದ್ರೆ ಮಾತ್ರ ಮುಳುಗೋದು."

ಊಟದ ಬೆಲ್ಲು ಹೊಡೆಯಿತು.
ಒಬ್ಬೊಬ್ಬರನ್ನೇ ಎತ್ತಿ, ಲಂಗಕ್ಕೆ ಒರೆಸಿ,
ಎಣಿಸಿ ಜೇಬಿಗೆ ಹಾಕಿಕೊಂಡಳು,
ಅದೇ ಡಬ್ಬಿ ಹಿಡಿದು
ಸಾಲಿನ ಕೊನೆಗೆ ಹೋಗಿ ನಿಂತಳು.